ಇರಕಲ್ಲಗಡದ ಅಭಿಮಾನಿಗಳು

ನಮ್ಮ ಭಾಗ್ಯನಗರದಲ್ಲಿ ಎದುರಿಗೆ ಮನುಷ್ಯ ಬಂದರೆ ನಾವು ಮೊದಲು ಮುಖ ನೋಡುವುದಿಲ್ಲ, ತಲೆ ನೋಡುತ್ತೇವೆ. ಸೊಕ್ಕೆಂದು ತಿಳಿಯಬೇಡಿ, ಕಸುಬೇ ಅಂಥದು. ಅರ್ಧ ಊರು ಕೂದಲಿನ ವ್ಯಾಪಾರದ ಮೇಲೆ ಉಣ್ಣುತ್ತದೆ. ಹಳ್ಳಿಹಳ್ಳಿಯಿಂದ ಕೂದಲು ತಂದು, ಸಿಕ್ಕು ಬಿಡಿಸಿ, ತೊಳೆದು, ಬಾಚಿ, ಉದ್ದ ನೋಡಿ ಕಟ್ಟು ಕಟ್ಟಿ ಕಳಿಸುತ್ತೇವೆ. ಅದು ಯಾವುದೋ ದೇಶದಲ್ಲಿ ಯಾರದೋ ಬೋಳುತಲೆ ಏರಿ ಕೂರುತ್ತದೆ. ನನ್ನದೂ ಒಂದು ಸಣ್ಣ ಶೆಡ್ ಇದೆ. ನನ್ನ ಹೆಸರು ಶರಣಬಸವ. ಅಂಗಿಯ ಜೇಬಿನಲ್ಲಿ ಎಲ್ಲರೂ ಪೆನ್ನು ಇಟ್ಟುಕೊಂಡರೆ ನಾನು ಕತ್ತರಿ ಇಟ್ಟುಕೊಳ್ಳುತ್ತೇನೆ.

ಆದ್ದರಿಂದ ನಮ್ಮ ಪಕ್ಕದ ಮನೆಯ ಫಕೀರಮ್ಮನ ಮಗ ಕಳಕೇಶ ಗೋವಾದಿಂದ ಬಂದಿಳಿದಾಗ ನಾನು ಅವನ ಮುಖ ನೋಡಲಿಲ್ಲ ಎಂದರೆ ನೀವು ತಪ್ಪು ತಿಳಿಯಬಾರದು. ಸೊಂಟದವರೆಗೆ ಕೂದಲು! ಬಣ್ಣ ಕಾಣದ, ಕವಲೊಡೆಯದ, ಕರೀ ಕೂದಲು! ನನ್ನ ಎದೆ ಧಸಕ್ಕೆಂದಿತು. ಶೆಡ್ಡಿನಲ್ಲಿ ಕೂದಲು ಬಾಚುವ ಹುಲಗಮ್ಮ ಹಣಿಗೆ ಹಿಡಿದುಕೊಂಡೇ ಹೊರಗೆ ಬಂದು, ಬಾಯಿಯ ಮೇಲೆ ಕೈ ಇಟ್ಟು, “ಯವ್ವಾ ನಮ್ಮವ್ವಾ! ದೇವರು ಯಾರ ತಲೀ ಮ್ಯಾಗ ಏನ್ ಇಟ್ಟಾನ ನೋಡ್ರಿ!” ಎಂದಳು. ಓಣಿಯ ವ್ಯಾಪಾರಿಗಳೆಲ್ಲ ಒಬ್ಬೊಬ್ಬರಾಗಿ ಫಕೀರಮ್ಮನ ಮನೆಗೆ ಕ್ಷೇಮಸಮಾಚಾರ ಕೇಳಲು ಬಂದರು. ಕ್ಷೇಮ ಕೇಳಿದ್ದು ತಾಯಿಯದು, ಕಣ್ಣಿದ್ದದ್ದು ಮಗನ ಜಡೆಯ ಮೇಲೆ.

ಕಳಕೇಶ ಹಾಡುಗಾರ. ಹಾಡುಗಾರ ಎಂದ ಕೂಡಲೆ ಹಾರ್ಮೋನಿಯಂ, ತಬಲಾ ಎಂದುಕೊಳ್ಳಬೇಡಿ. ಹಾರ್ಡ್ ರಾಕ್. ಗಿಟಾರಿಗೆ ಕರೆಂಟು ಕೊಟ್ಟು ಅದು ನರಳುವಂತೆ ಮಾಡುತ್ತಾರೆ, ಹಳೇ ದ್ವೇಷವಿದ್ದವರಂತೆ ಡ್ರಮ್ ಬಡಿಯುತ್ತಾರೆ, ಆ ಎರಡನ್ನೂ ದಾಟಿ ಕೇಳಿಸುವಂತೆ ಒಬ್ಬ ಒದರಬೇಕು. ಒದರುವವನೇ ಗಾಯಕ. ಹುಬ್ಬಳ್ಳಿಗೆ ಡಿಪ್ಲೊಮಾ ಓದಲು ಹೋದವನು ಡಿಪ್ಲೊಮಾ ಅಲ್ಲೇ ಬಿಟ್ಟು ಈ ವಿದ್ಯೆ ಹಿಡಿದುಕೊಂಡ. ಆದರೆ ಪಾಪ, ಅವನ ಹಣೆಬರಹವೇ ಬದಲಿ ಗಾಯಕನದು. ನಮ್ಮ ಸಾಲೆಗಳಲ್ಲಿ ಅತಿಥಿ ಶಿಕ್ಷಕರಿರುತ್ತಾರಲ್ಲ, ಹಾಗೆ. ಹುಬ್ಬಳ್ಳಿಯ ತಂಡದ ಗಾಯಕನಿಗೆ ಕಾಮಾಲೆ ಬಂತು, ಇವನು ಹಾಡಿದ; ಕಾಮಾಲೆ ಇಳಿಯಿತು, ಇವನೂ ಸ್ಟೇಜ್ ಇಳಿದ. ಪುಣೆಯ ತಂಡದ ಗಾಯಕ ಹೆಂಡತಿಯ ಕೂಡ ಜಗಳಾಡಿ ಓಡಿಹೋದ, ಇವನು ಹಾಡಿದ. ಗಂಡಹೆಂಡಿರು ಒಂದಾದರು, ಇವನು ಬೀದಿಗೆ ಬಂದ. ಗೋವಾದ ಹೋಟೆಲಿನಲ್ಲಿ ಇವನು ಹಾಡುವಾಗ ಹಿಂದಿನ ಪೋಸ್ಟರಿನಲ್ಲಿ ಬೇರೆಯವನ ಮುಖ, ಬೇರೆಯವನ ಹೆಸರು. ಕುಡಿದ ಗಿರಾಕಿಗಳು ಆ ಹೆಸರು ಹಿಡಿದೇ ಕೂಗುತ್ತಿದ್ದರು, ಇವನೂ ಕೈ ಬೀಸುತ್ತಿದ್ದನಂತೆ. ಒಂದು ಬೋರ್ಡಿನ ಮೇಲೆ ತನ್ನ ಹೆಸರು ಬರಬೇಕು, ಇಷ್ಟೇ ಅವನ ಆಸೆ. ಅಷ್ಟರಲ್ಲಿ ಆ ಹೋಟೆಲೂ ಮುಚ್ಚಿತು. ತಾನೇ ಬರೆದು ತಾನೇ ಹಾಡಿದ ಒಂದೇ ಒಂದು ಹಾಡನ್ನು ಮೊಬೈಲಿನಲ್ಲಿಟ್ಟುಕೊಂಡು ಊರಿಗೆ ಬಂದ.

ಹಾಡಿನ ಹೆಸರು ‘ಹೋಗಬ್ಯಾಡ’. ಅದು ಶುರುವಾಗುವುದೇ ಒಂದು ಒದರಾಟದಿಂದ. ಬಂದ ದಿನವೇ ತಾಯಿಗೆ ಕೇಳಿಸಬೇಕೆಂದು ದೊಡ್ಡ ಸ್ಪೀಕರಿಗೆ ಹಚ್ಚಿದ. ಸಿಲಿಂಡರ್ ಸಿಡಿಯಿತೆಂದು ಓಣಿಯ ಮಂದಿ ಬಕೆಟ್ ಹಿಡಿದು ಓಡಿಬಂದರು. ಫಕೀರಮ್ಮ ಮಗನ ಎದೆ, ಹೊಟ್ಟೆ ಮುಟ್ಟಿ ಮುಟ್ಟಿ ನೋಡಿ, “ಎಲ್ಲಿ ನೋಯ್ತೈತೋ ಯಪ್ಪಾ?” ಎಂದು ಅತ್ತಳು. ಕಳಕೇಶ ಬೇಸರದಿಂದ ಹಾಡನ್ನು ಒಯ್ದು ಮೊಬೈಲ್ ಮತ್ತು ಮೈಕ್ ರಿಪೇರಿಯ ಮಾಜೀದನಿಗೆ ಕೊಟ್ಟು, “ಯಾರು ಹಾಡು ತುಂಬಿಸಾಕ ಬಂದ್ರೂ ಇದನ್ನೂ ತುಂಬಿಸು ದೋಸ್ತ” ಎಂದ. ಮಾಜೀದ ಒಳ್ಳೆಯವನು, ಹೂಂ ಎಂದ. ಬಂದವರೆಲ್ಲ ಅದೊಂದನ್ನು ಬಿಟ್ಟು ಉಳಿದದ್ದನ್ನು ತುಂಬಿಸಿಕೊಂಡು ಹೋದರು.

ಹೀಗೆ ಎರಡು ವರ್ಷ ಕಳೆಯಿತು. ನಡುವೆ ಗಂಗಾವತಿಯ ಒಂದು ರಸಮಂಜರಿ ತಂಡ ಇವನನ್ನು ಕರೆಯಿತು, ಬದಲಿಯಾಗಿಯೇ. ಮದುವೆಯೊಂದರಲ್ಲಿ ಇವನಿಗೆ ತಡೆಯಲಾಗದೆ ಒಮ್ಮೆ ಒದರಿಬಿಟ್ಟ. ಮದುಮಗಳ ಅಜ್ಜಿ ಕುರ್ಚಿ ಸಮೇತ ಹಿಂದಕ್ಕೆ ಬಿದ್ದಳು. ಅಜ್ಜಿಗೆ ಏನೂ ಆಗಲಿಲ್ಲ, ಗಂಗಾವತಿಯ ನೌಕರಿ ಹೋಯಿತು.

ಫಕೀರಮ್ಮ ನನ್ನ ಬಳಿ ಬಂದು ಕೂತಳು. “ಯಣ್ಣಾ, ಒಂದು ಕನ್ಯಾ ಐತಿ, ಕುಷ್ಟಗಿ ಕಡೆ. ನೀ ಹಿರೇ ಮನಶ್ಯಾ ಅಂತ ಜೋಡಿ ಬರಬೇಕು” ಎಂದಳು. ಹೋದೆವು.

ಕನ್ಯೆಯ ತಂದೆ ಕುಬೇರಪ್ಪ ಬಸ್ ಕಂಡಕ್ಟರು. ಮನೆಯಲ್ಲೂ ಕೂರುವುದಿಲ್ಲ, ಕಂಬಕ್ಕೆ ಸೊಂಟ ಆನಿಸಿಕೊಂಡು, ಕಾಲು ಅಗಲಿಸಿ ನಿಂತೇ ಮಾತನಾಡುತ್ತಾನೆ. ಒಪ್ಪಿಗೆಯಾದರೆ “ರೈಟ್”, ಆಗದಿದ್ದರೆ “ಹೋಲ್ಡಾನ್”. ನಡುವಿನ ಮಾತು ಅವನಲ್ಲಿ ಕಡಿಮೆ. ಮಗಳು ದ್ರಾಕ್ಷಾಯಿಣಿ ಚಹಾ ತಂದಳು. ಗುಡ್ಡದ ಬುಡದ ಹೊಲವನ್ನು ಆಕೆಯೇ ನೋಡಿಕೊಳ್ಳುತ್ತಾಳಂತೆ. ಅಪ್ಪ ಸದಾ ರೂಟಿನ ಮೇಲೆ.

“ಹುಡುಗ ಏನ್ ಮಾಡ್ತಾನ್ರಿ?” ಕುಬೇರಪ್ಪ ಕೇಳಿದ.

“ಗಾಯಕ್ರಿ” ಎಂದೆ, ಹಿರಿಯನ ಗತ್ತಿನಲ್ಲಿ.

ಕಳಕೇಶ ತಾನೂ ಏನೋ ಎರಡು ಮಾತು ಸೇರಿಸಿದ. ಅವನ ದನಿ ಕೇಳಿದ್ದೇ ತಡ, ಒಳಗೆ ಹೊರಟಿದ್ದ ದ್ರಾಕ್ಷಾಯಿಣಿ ಬಾಗಿಲಲ್ಲಿ ನಿಂತಳು. ತಿರುಗಿ, “ನಿಮ್ಮ ಹಾಡಿನಾಗ ಒದರೂದು ಇರತೈತೇನ್ರಿ?” ಎಂದು ಕೇಳಿಯೇ ಬಿಟ್ಟಳು.

ನನಗೆ ಚಹಾ ನೆತ್ತಿಗೆ ಹತ್ತಿತು. ಫಕೀರಮ್ಮ ಸೆರಗು ಬಾಯಿಗೆ ಒತ್ತಿದಳು. ನೋಡಲು ಬಂದವರನ್ನು ಕನ್ಯೆಯೇ ಪ್ರಶ್ನೆ ಕೇಳುವುದು ಆ ಮನೆಯಲ್ಲಿ ಅದೇ ಮೊದಲೆಂದು ಕುಬೇರಪ್ಪನ ಮುಖವೇ ಹೇಳುತ್ತಿತ್ತು. ಕಳಕೇಶ ಮಾತ್ರ ಅರಳಿದ. “ಇರತೈತ್ರಿ! ಭಾಳ ಇರತೈತಿ!”

ಆಕೆ ಮುಗುಳ್ನಕ್ಕು ಒಳಗೆ ಹೋದಳು.

ಕುಬೇರಪ್ಪ ಕೆಮ್ಮಿ ಶುರುಮಾಡಿದ. “ನೋಡ್ರಿ ಬಸಣ್ಣಾರ. ಕೊಪ್ಪಳ, ಗಂಗಾವತಿ, ಯಲಬುರ್ಗಾ, ನಾ ಮಾಡದ ರೂಟಿಲ್ಲ. ಬಸ್ಸಿನಾಗ ಮಂದಿ ಮಾತಾಡದ ಸುದ್ದಿ ಇಲ್ಲ. ಒಬ್ಬ ಪ್ಯಾಸೆಂಜರನ ಬಾಯಾಗ ಇವರ ಹೆಸರು ಕೇಳಿಲ್ಲ. ಗಾಯಕ ಅಂತೀರಿ. ದೀಪಾವಳಿ ಒಳಗ ಯಾವ್ದಾರ ಊರಾಗ ಮಂದಿ ಇವರನ್ನ ಗುರ್ತ ಹಿಡದು, ಕರದು, ನಾಕು ಮಂದಿ ಮುಂದ ಕೂಡಿಸಲಿ. ಮದುವಿ ಮಾಡಿ ಕೊಡತೀನಿ, ಹಾಡಿಕೊಂತ ಇರ್ಲಿ. ಇಲ್ಲಾಂದ್ರ ಆ ಕೂದಲಾ ತಗಸಿ, ನಿಮ್ಮ ಶೆಡ್ಡಿನಾಗ ಕೂತು ಛಲೋತ್ನ್ಯಾಗ ದುಡೀಲಿ. ಆವಾಗೂ ಕೊಡತೀನಿ. ಆದ್ರ ಮತ್ತ ಹಾಡಿನ ಹೆಸರು ಎತ್ತಬಾರದು. ಎರಡರಾಗ ಒಂದು. ಅಲ್ಲೀತನಾ ಹೋಲ್ಡಾನ್.”

ನ್ಯಾಯವಾದ ಮಾತು ಎಂದು ನನಗೆ ಅನಿಸಿತು. ಕತ್ತರಿಯೂ ಜೇಬಿನಲ್ಲಿ ಸ್ವಲ್ಪ ಹೊರಳಿದಂತಾಯಿತು. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಕಳಕೇಶ ಕಿಟಕಿಗೆ ಮುಖ ಕೊಟ್ಟು, “ಕಾಕಾ, ಆಕಿ ಕೇಳಿದ್ಲು ನೋಡ್ರಿ. ನನ್ನ ಹಾಡಿನಾಗ ಏನೈತಿ ಅಂತ ಈತನಕಾ ಯಾರೂ ಕೇಳಿಲ್ರಿ” ಎಂದ.

ದೀಪಾವಳಿ ಹತ್ತಿರ ಬಂತು. ಯಾವ ಊರೂ ಗುರುತು ಹಿಡಿಯಲಿಲ್ಲ. ಶೆಡ್ಡಿನ ಕೆಲಸವಾದರೂ ಕಲಿಯಲಿ ಎಂದು, ಕೂದಲು ಕೊಳ್ಳಲು ಇರಕಲ್ಲಗಡಕ್ಕೆ ಹೊರಟಾಗ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ಅಲ್ಲಿ ಚಹಾದಂಗಡಿಯಲ್ಲಿ ಕೂತಿದ್ದೆವು. ಕೊಡುವವನ ಕೈ ಜಾರಿ ಕುದಿಯುವ ಚಹಾ ಕಳಕೇಶನ ಪಾದದ ಮೇಲೆ ಬಿತ್ತು. ಕಳಕೇಶ ಒದರಿದ. ರಾಕ್ ಗಾಯಕನ ಒದರಾಟ ಅದು, ಸಾಮಾನ್ಯದ್ದಲ್ಲ. ಅಂಗಡಿಯ ತಗಡು ಗುಂಯ್‌ಗುಟ್ಟಿತು.

ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಒಬ್ಬ ರೈತ ಎದ್ದು ನಿಂತ. ಬೀಡಿ ಕೈಯಿಂದ ಬಿತ್ತು. ಅವನ ಹೆಸರು ಹೊಳಿಯಪ್ಪ ಎಂದು ಆಮೇಲೆ ತಿಳಿಯಿತು.

“ಯಪ್ಪಾ!” ಎಂದ. “ಅದಾ ದನಿ! ಲೇ, ಬರ್ರಲೇ! ಅದಾ ದನೀರಲೇ ಇದು!”

ಓಣಿಯ ಮಂದಿ ಓಡಿಬಂದರು. ಹೊಳಿಯಪ್ಪ ಕಳಕೇಶನ ಎರಡೂ ಕೈ ಹಿಡಿದ. ಕಣ್ಣಲ್ಲಿ ನೀರು. “ನೀವು ಭಾಗ್ಯನಗರದ ಮಾಜೀದನ ಕಡೆ ಇರೋ ಹಾಡಿನವರ ಹೌದಲ್ರಿ? ದಿನಾ ಸಂಜೀಕ ಹೊಲದಾಗ ನಿಮ್ದಾ ಹಚ್ಚತೀವ್ರಿ! ನಮ್ಮೂರಷ್ಟ ಅಲ್ಲ, ಸುತ್ತಾ ಹತ್ತೂರಾಗ ನಿಮ್ದಾ ಹಚ್ಚತಾರ!”

ಒಬ್ಬ ಮುದುಕಿ ಕಳಕೇಶನ ಗಲ್ಲ ಹಿಡಿದು ನೆಟಿಕೆ ಮುರಿದಳು. “ನಿನ್ನ ದನಿ ಕೇಳಿದ ಮ್ಯಾಗಾ ನಾವು ನಿದ್ದಿ ಮಾಡೂದು ನನ್ನಪ್ಪಾ. ನೀ ನೂರು ವರ್ಷ ಬಾಳು.”

ನಾನು ದಂಗಾದೆ. ಕಳಕೇಶನಂತೂ ಸುಟ್ಟ ಪಾದವನ್ನು ಮರೆತು ಗರ ಬಡಿದವನಂತೆ ನಿಂತಿದ್ದ. ಭಜನೆ, ಡೊಳ್ಳಿನ ಪದ ಬಿಟ್ಟು ಬೇರೆ ಕೇಳದ ಈ ಸೀಮೆಯ ರೈತರು ಹೊಲದಲ್ಲಿ ಕೂತು ಹಾರ್ಡ್ ರಾಕ್ ಕೇಳುತ್ತಾರೆ! ಲೋಕ ಎಲ್ಲಿಂದ ಎಲ್ಲಿಗೆ ಬಂತು! ಚಹಾದವನು ಹಣ ಬೇಡವೆಂದ. ಹೊಳಿಯಪ್ಪ ಫೋನ್ ನಂಬರ್ ತೆಗೆದುಕೊಂಡ. “ಊರ ಹಿರೇರು ಕೂಡತೀವಿ. ನಿಮಗೊಂದು ಸನ್ಮಾನ ಮಾಡಲಿಲ್ಲಾಂದ್ರ ನಾವು ಮನಶ್ಯಾರ ಅಲ್ಲ” ಎಂದ.

ಅಂದಿನಿಂದ ನಮ್ಮ ಓಣಿಯಲ್ಲಿ ಇರುವುದು ಕಷ್ಟವಾಯಿತು. ಕಳಕೇಶ ಕತ್ತಿಗೆ ಮಫ್ಲರ್ ಸುತ್ತಿದ. ದನಿ ಕಾಪಾಡಿಕೊಳ್ಳಬೇಕೆಂದು ಪಿಸುಮಾತಿನಲ್ಲಿ ಮಾತನಾಡತೊಡಗಿದ. ಉಪ್ಪು ಬೇಕಾದರೆ ತಾಯಿಗೆ ಸನ್ನೆ ಮಾಡುತ್ತಿದ್ದ. ಮಗನ ಮಾತು ಬಿದ್ದುಹೋಯಿತೆಂದು ಫಕೀರಮ್ಮ ಹುಲಿಗೆಮ್ಮ ದೇವಿಗೆ ಹರಕೆ ಹೊತ್ತಳು. ಕಳಕೇಶ ನನ್ನ ಶೆಡ್ಡಿಗೆ ಬಂದು, “ಕಾಕಾ, ಇನ್ನ ಮ್ಯಾಗ ಈ ಕಡೆ ಬರೂದು ಆಗಾಂಗಿಲ್ಲ. ಅಭಿಮಾನಿಗಳು ತಪ್ಪು ತಿಳೀತಾರ” ಎಂದು ಪಿಸುಗುಟ್ಟಿದ. ಹುಲಗಮ್ಮನಿಗೆ, ಆಕೆ ಬೇಡದಿದ್ದರೂ, ಹಸ್ತಾಕ್ಷರ ಹಾಕಿಕೊಟ್ಟ. ಆಕೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ರೇಷನ್ ಕಾರ್ಡಿನೊಳಗೆ ಇಟ್ಟಳು.

ಕೊನೆಗೆ ಹೊಳಿಯಪ್ಪನ ಫೋನ್ ಬಂತು. ದೀಪಾವಳಿಯ ಹಿಂದಿನ ವಾರ, ಸಂತೆಯ ದಿನ ಮಧ್ಯಾಹ್ನ, ಸಾಲೆಯ ಮೈದಾನದಲ್ಲಿ ಸನ್ಮಾನ. ಅಧಿಕಾರಿಗಳೂ ಬರುತ್ತಾರಂತೆ. ಅದರ ಜೊತೆಗೆ ಫ್ಲೆಕ್ಸ್‌ನ ಚಿತ್ರವೂ ಮೊಬೈಲಿಗೆ ಬಂತು. ‘ನಮ್ಮ ಹೆಮ್ಮೆಯ ಗಾಯಕ ಶ್ರೀ ಕಳಕೇಶ ಅವರಿಗೆ ರೈತ ಬಾಂಧವರಿಂದ ಹೃತ್ಪೂರ್ವಕ ಸನ್ಮಾನ.’ ಎಡಕ್ಕೆ ಕಳಕೇಶನ ಮುಖ. ಬಲಕ್ಕೆ ಬಾಯಿ ತೆರೆದ ಒಂದು ಕರಡಿ.

“ಕರಡಿ ಯಾಕೋ?” ಎಂದೆ.

ಕಳಕೇಶ ನನ್ನ ಅಜ್ಞಾನಕ್ಕೆ ಮರುಗಿ ನಕ್ಕ. “ಕಾಕಾ, ರಾಕ್ ಅಂದ ಮ್ಯಾಗ ಒಂದು ಚಿತ್ರ ಇರಬೇಕ್ರಿ. ಯಾರ್‍ಯಾರೋ ಹದ್ದು ಹಾಕ್ಕೊಂತಾರ, ಬುರುಡಿ ಹಾಕ್ಕೊಂತಾರ. ನನಗ ಕರಡಿ ಮಾಡ್ಯಾರ. ಹಳ್ಳಿ ಮಂದಿಗೆ ಎಷ್ಟು ತಿಳೀತೈತಿ ನೋಡ್ರಿ!” ಆಮೇಲೆ ಪಿಸುದನಿ ಮರೆತು, ಬೆರಳಿನಿಂದ ಫೋನಿನ ಮೇಲೆ ತನ್ನ ಹೆಸರನ್ನು ಮುಟ್ಟಿ, “ಕಳಕೇಶ ಅಂತ ಬರದಾರ. ನನ್ನ ಹೆಸರಾ ಬರದಾರ” ಎಂದ. ಕುಬೇರಪ್ಪನಿಗೆ ಫೋನ್ ಹೋಯಿತು. ಮಗಳನ್ನು ಕರೆದುಕೊಂಡು ಬರುವುದಾಗಿ ಕುಬೇರಪ್ಪ ಒಪ್ಪಿದ.

ಸನ್ಮಾನದ ದಿನ ಬೆಳಿಗ್ಗೆ ಮಾಜೀದ ಶೆಡ್ಡಿಗೆ ಬಂದ. ಮುಖ ಬಿಳುಚಿಕೊಂಡಿತ್ತು. ನನ್ನನ್ನು ಕೂದಲಿನ ಮೂಟೆಗಳ ಹಿಂದೆ ಎಳೆದುಕೊಂಡು ಹೋದ.

“ಬಸಣ್ಣಾರ, ನನ್ನಿಂದ ಒಂದು ದೊಡ್ಡ ಪಂಚೇತಿ ಆಗೇತ್ರಿ. ಹೊಳಿಯಪ್ಪನ ಹೊಲಕ್ಕ ಕರಡಿ ಬರ್ತಿತ್ತು. ಬ್ಯಾಟರಿ ಮೈಕಿಗೆ ನಾಯಿ ಬೊಗಳೂದು ತುಂಬಿಸಿ ಕೊಟ್ಟೆ, ಬಂದೂಕಿನ ಸಪ್ಪಳ ಕೊಟ್ಟೆ, ಹುಲಿ ಗರ್ಜನಿ ಕೊಟ್ಟೆ. ಕರಡಿಗೆ ರೂಢಿ ಆಗಿಬಿಡ್ತು. ಮೈಕಿನ ಬಾಜೂನ ಕುಂತು ಗೋವಿನಜೋಳ ತಿಂತಿತ್ತಂತ. ಒಂದಿನಾ ಅಂಗಡ್ಯಾಗ ಗದ್ದಲ ಇತ್ರಿ. ಕೈತಪ್ಪಿ ಕಳಕೇಶನ ಹಾಡಿನ ಮೆಮರಿ ಕಾರ್ಡ್ ಕೊಟ್ಟಬಿಟ್ಟೆ.”

“ಆಮ್ಯಾಲೆ?”

“ಆಮ್ಯಾಲೇನ್ರಿ! ಹುಲಿಗೆ ಹೆದರದ ಕರಡಿ ಗುಡ್ಡಾ ಹತ್ತಿದ್ದು ಮತ್ತ ಇಳದಿಲ್ಲ! ಹೊಳಿಯಪ್ಪ ನನಗ ಪೇಡೆ ತಂದು ಕೊಟ್ಟ. ಅವನ್ನ ನೋಡಿ ಊರ ಮಂದಿ ಬಂದ್ರು, ಅವರ ಬೀಗರು ಬಂದ್ರು. ಕುಷ್ಟಗಿ, ಯಲಬುರ್ಗಾ, ಎಲ್ಲಾ ಕಡೆ ಹೋಗೇತ್ರಿ ಅದು. ಪೂರಾ ಹಾಡಲ್ಲ, ಮೊದಲಿನ ಒದರೂದಷ್ಟ ಕತ್ತರಿಸಿ ತಿರುಗಾಮುರುಗಾ ಹಚ್ಚೀನಿ. ಹೇಳಬೇಕು ಅಂತ ಎಷ್ಟು ಸಲ ಹೋದೆ. ಅಂವ ಮಫ್ಲರ್ ಸುತ್ಕೊಂಡು ಕುಂತಿರೂದು ನೋಡಿ ಬಾಯಿ ಬರಲಿಲ್ರಿ.”

“ಕರಡಿಗೆ?” ಎಂದೆ.

“ಕರಡಿಗೆ” ಎಂದ ಮಾಜೀದ.

ನಾನು ಮೂಟೆಯ ಮೇಲೆ ಕೂತುಬಿಟ್ಟೆ. ಅಧಿಕಾರಿಗಳು, ಊರು, ಕುಬೇರಪ್ಪ, ಆ ಹುಡುಗಿ, ಇಷ್ಟು ಮಂದಿಯ ಎದುರಿಗೆ ಇವನ ಮಾನ ಹರಾಜಾಗುತ್ತದೆ. ಹೇಳಿಬಿಡೋಣ ಎಂದು ಇಬ್ಬರೂ ಎದ್ದು ಹೋದೆವು. ಕಳಕೇಶ ಕರೀ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಫಕೀರಮ್ಮ ಮಗನ ಮದುವೆಗೆಂದು ಟ್ರಂಕಿನಲ್ಲಿಟ್ಟಿದ್ದ ಇಲಕಲ್ಲ ಸೀರೆ ಉಟ್ಟು ನಿಂತಿದ್ದಳು. “ಯಣ್ಣಾ, ಇವರಪ್ಪ ಇರಬೇಕಾಗಿತ್ತು” ಎಂದಳು. ಮಾಜೀದ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. “ಟಂಟಂ ಗಾಡಿ ಬಂದೈತಿ, ಲಗೂ ಬರ್ರಿ” ಎಂದು ಹೇಳಿ ಹೊರಗೆ ಬಂದೆವು.

ಸಾಲೆಯ ಮೈದಾನ ತುಂಬಿತ್ತು. ಫ್ಲೆಕ್ಸ್ ಮೇಲಿನ ಕರಡಿ ಮೊಬೈಲಿನಲ್ಲಿ ಕಂಡದ್ದಕ್ಕಿಂತ ಬಹಳ ದೊಡ್ಡದಿತ್ತು. ಕುಬೇರಪ್ಪ ಮುಂದಿನ ಸಾಲಿನಲ್ಲಿ, ಕುರ್ಚಿ ಇದ್ದರೂ ಅದರ ಬೆನ್ನು ಹಿಡಿದುಕೊಂಡು ನಿಂತಿದ್ದ. ಪಕ್ಕದಲ್ಲಿ ದ್ರಾಕ್ಷಾಯಿಣಿ. ಕಳಕೇಶ ಕೂದಲು ಬಿಟ್ಟುಕೊಂಡು ಸ್ಟೇಜ್ ಏರಿದಾಗ ಎದ್ದ ಚಪ್ಪಾಳೆಗೆ ಕುಬೇರಪ್ಪ ಹುಬ್ಬೇರಿಸಿದ. “ಅಬ್ಬಬ್ಬಾ! ಖರೇನ ಹೆಸರು ಮಾಡ್ಯಾನಲ್ರಿ ಬಸಣ್ಣಾರ!” ಎಂದ.

ಶಾಲು ಹೊದಿಸಿದರು. ರುಮಾಲು ಸುತ್ತಿದರು; ಕೂದಲು ಹೆಚ್ಚಾಗಿ ಅದು ಎರಡು ಸಲ ಕಳಚಿತು. ಆಮೇಲೆ ಹೊಳಿಯಪ್ಪ ಮೈಕ್ ಹಿಡಿದ.

“ಮಂದಿಗೆ ಹಾಡು ಹಾಡಾವ್ರು ಭಾಳ ಅದಾರ. ಆದ್ರ ನಮ್ಮ ಕಷ್ಟಾ ಕಳದಾವ್ರು ಇವರೊಬ್ಬರಾ. ಇವರು ಒದರಾಕ ಹತ್ತಿದ ಮ್ಯಾಗ ನಮ್ಮ ಹೊಲಕ್ಕ ಒಂದು ಕರಡಿ ಕಾಲಿಟ್ಟಿಲ್ಲ!”

ಮೈದಾನ ಗುಡುಗಿತು. ಕಳಕೇಶ ಇನ್ನೂ ನಗುತ್ತಲೇ ಇದ್ದ. ಆ ನಗೆಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಅರಣ್ಯದ ಅಧಿಕಾರಿಯೊಬ್ಬರು ಎದ್ದರು. “ಬೇಲಿ ಹಾಕಿದೆವು, ಪಟಾಕಿ ಕೊಟ್ಟೆವು, ಜಾಗೃತಿ ಶಿಬಿರ ಮಾಡಿದೆವು. ಕರಡಿಗಳು ಸಹಕರಿಸಲಿಲ್ಲ. ಶ್ರೀಯುತರ ಗಾಯನದಿಂದ ಅವು ಸ್ವಯಂಪ್ರೇರಿತವಾಗಿ ಸ್ಥಳಾಂತರಗೊಂಡಿವೆ. ಆದರೆ ಒಂದು ಮಾತು. ನಮ್ಮ ಕರಡಿಗಳೆಲ್ಲ ತಮ್ಮ ವ್ಯಾಪ್ತಿಗೆ ಬಂದಿವೆ ಎಂದು ಪಕ್ಕದ ವಲಯದವರು ಆಕ್ಷೇಪ ಎತ್ತಿದ್ದಾರೆ. ಆದ್ದರಿಂದ ಗಾಯಕರು ಸ್ವಲ್ಪ ಮೆಲ್ಲಗೆ...” ಉಳಿದ ಮಾತು ಚಪ್ಪಾಳೆಯಲ್ಲಿ ಮುಳುಗಿತು.

“ಬರೇ ಮಾತು ಬ್ಯಾಡ, ಕೇಳ್ರಿ!” ಎಂದು ಹೊಳಿಯಪ್ಪ ಮೇಜಿನ ಮೇಲೆ ತನ್ನ ಹೊಲದ ಮೈಕ್ ಇಟ್ಟು ಗುಂಡಿ ಒತ್ತಿದ.

ಹೋಗಬ್ಯಾಡಾಆಆಆ!

ಹೋಗಬ್ಯಾಡಾಆಆಆ!

ಮೈದಾನದ ಅಂಚಿನಲ್ಲಿ ಮಲಗಿದ್ದ ನಾಯಿಗಳು ಎದ್ದು ಊರು ಬಿಟ್ಟವು. ಒಂದು ಎಮ್ಮೆ ಹಗ್ಗ ಹರಿದುಕೊಂಡಿತು. ಮಂದಿ ಸೀಟಿ ಹೊಡೆದರು. ಕಳಕೇಶನ ನಗು ಇಳಿಯಿತು. ಅವನು ಫ್ಲೆಕ್ಸ್ ಕಡೆ ತಿರುಗಿ ಆ ಕರಡಿಯನ್ನು ನೋಡಿದ, ನನ್ನನ್ನು ನೋಡಿದ, ಮಾಜೀದನನ್ನು ನೋಡಿದ. ಮಾಜೀದ ತಲೆ ತಗ್ಗಿಸಿದ. ಅಷ್ಟರಿಂದಲೇ ಅವನಿಗೆ ಎಲ್ಲ ತಿಳಿಯಿತು.

“ಹೋಲ್ಡಾನ್!”

ಕುಬೇರಪ್ಪನ ದನಿಗೆ ಹೊಳಿಯಪ್ಪ ಗಾಬರಿಯಾಗಿ ಮೈಕ್ ನಿಲ್ಲಿಸಿದ. ಕುಬೇರಪ್ಪ ಸ್ಟೇಜಿನ ಬುಡಕ್ಕೆ ನಡೆದ. “ಇದು ನಮ್ಮ ಹೊಲದಾಗೂ ಐತಲ್ಲೋ ಮಾರಾಯಾ! ಡ್ಯೂಟಿ ಇಲ್ಲದಾಗ ದೂರಿಂದ ಕೇಳೀನಿ. ನಾ ಇದನ್ನ ಯಾವ್ದೋ ಮಷಿನ್ ಕೆಟ್ಟ ಸಪ್ಪಳ ಅನ್ಕೊಂಡಿದ್ದೆ. ಇದು ಹಾಡೇನ್ರಿ? ಮಂದಿ ಕೂಡಿಸಾವನಿಗೆ ಗಾಯಕ ಅಂತಾರ. ಓಡ್ಸಾವನಿಗೆ ಏನಂತಾರ್‍ರಿ?”

ಮೈದಾನ ನಕ್ಕಿತು. ಕೆಟ್ಟ ನಗೆಯಲ್ಲ, ಸಂತೆಯ ದಿನದ ನಗೆ. ಆದರೂ ಫಕೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಳಕೇಶ ರುಮಾಲು ತೆಗೆದು ಮೇಜಿನ ಮೇಲಿಟ್ಟ, ಶಾಲು ಮಡಚಿಟ್ಟ, ಸ್ಟೇಜ್ ಇಳಿದು ನೇರ ನನ್ನ ಹತ್ತಿರ ಬಂದ. ಬೆನ್ನು ತಿರುಗಿಸಿ, ಕೂದಲನ್ನು ಒಟ್ಟುಗೂಡಿಸಿ ನನ್ನ ಕೈಗೆ ಕೊಟ್ಟ.

“ಕಾಕಾ, ಕತ್ತರಿ ತಗೀರಿ. ನಾಳಿಂದ ಶೆಡ್ಡಿಗೆ ಬರ್ತೀನಿ” ಎಂದ.

ಎರಡು ವರ್ಷ ಆ ಕೂದಲನ್ನು ನ್ಯಾಯವಾಗಿಯೇ ಆಸೆಪಟ್ಟ ಮನುಷ್ಯ ನಾನು. ಈಗ ಅದು ನನ್ನ ಅಂಗೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಕತ್ತರಿ ಇತ್ತು. ಕತ್ತರಿ ಏಳಲೇ ಇಲ್ಲ. ನನಗೇ ಆಶ್ಚರ್ಯವಾಯಿತು.

“ಒಂದ್ ನಿಮಿಷ ತಡೀರಿ ಕಾಕಾರ.”

ದ್ರಾಕ್ಷಾಯಿಣಿ ಎದ್ದು ನಿಂತಿದ್ದಳು. ಕುಬೇರಪ್ಪ “ಏ ಯವ್ವಾ!” ಎಂದ. ಆಕೆ ಅಪ್ಪನ ಕಡೆ ನೋಡಲಿಲ್ಲ.

“ಎರಡು ಸುಗ್ಗಿ ಆತ್ರಿ” ಎಂದಳು ಕಳಕೇಶನಿಗೆ. “ಹೊಲದಾಗ ಕುಂತು ದಿನಾ ಕೇಳೀನಿ. ಮನೀಗೆ ಬಂದ ದಿನ ನೀವು ಮಾತಾಡಿದ ಕೂಡಲೆ ಗುರ್ತ ಹಿಡದೆ. ‘ಹೋಗಬ್ಯಾಡ’ ಅಂತೀರಿ, ಅಲ್ಲಿಗೇ ಕಡೀತೈತಿ. ಮತ್ತ ‘ಹೋಗಬ್ಯಾಡ’ ಅಂತೀರಿ, ಮತ್ತ ಕಡೀತೈತಿ. ಯಾರಿಗ್ರಿ ಅದು? ಮುಂದ ಏನೈತಿ? ನನಗ ತಲೀ ಕೆಟ್ಟಹೋಗೇತ್ರಿ!”

ಕಳಕೇಶ ಆಕೆಯ ಕಡೆ ತಿರುಗಿದ. ಸನ್ಮಾನಕ್ಕೂ ಇಷ್ಟು ದಂಗಾಗಿರಲಿಲ್ಲ, ಅವಮಾನಕ್ಕೂ ಆಗಿರಲಿಲ್ಲ.

“ಕೇಳಾವ್ರಿಗ್ರಿ” ಎಂದ. “ನಾ ಎಲ್ಲಿ ಹಾಡಾಕ ನಿಂತ್ರೂ ಮಂದಿ ಎದ್ದು ಹೋಗತಿದ್ರು. ಅವರಿಗೆ ಬರದಿದ್ದೆ.”

ಯಾರೂ ನಗಲಿಲ್ಲ. “ಹಂಗಾದ್ರ ಹಾಡ್ರಿ” ಎಂದಳು ಆಕೆ. “ನಾ ಕುಂತೀನಿ.” ಹೇಳಿ, ಕುರ್ಚಿ ಸರಿಮಾಡಿಕೊಂಡು ಕೂತಳು.

ಗಿಟಾರಿಲ್ಲ, ಡ್ರಮ್ಮಿಲ್ಲ, ಮೈಕೂ ಇಲ್ಲ. ಕಳಕೇಶ ಮೊದಲು ಒದರಿದ. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಆಮೇಲೆ, ಎರಡು ವರ್ಷದಿಂದ ಆ ಸೀಮೆಯಲ್ಲಿ ಯಾರೂ ಕೇಳಿರದ ಕಡೆಗೆ ಹಾಡು ತಿರುಗಿತು. ದನಿ ಇಳಿಯಿತು.

“ಒಲೀ ಮ್ಯಾಗ ಹಾಲೈತಿ, ಉಕ್ಕೂತನಕ ಕುಂದ್ರು,
ಮಾತಾಡೂದು ಬ್ಯಾಡ, ಸುಮ್ಮನ ಕುಂದ್ರು,
ಬಾಗಲಾಗ ನಿನ್ನ ಚಪ್ಪಲಿ ಕಂಡ್ರ ಸಾಕು ನನಗ,
ಹೋಗಬ್ಯಾಡ, ಹೋಗಬ್ಯಾಡ.”

ಅದು ಒಡೆದ ದನಿ. ಒದರಿ ಒದರಿ ತೂತಾದ ದನಿ. ಆದರೆ ಸಂತೆಚೀಲ ಹೆಗಲಿಗೇರಿಸಿ ಹೊರಟಿದ್ದವರು ನಿಂತರು. ನಿಂತವರು ಕೆಳಗೆ ಕೂತರು. ಹೊಳಿಯಪ್ಪ ಮತ್ತೊಂದು ಬೀಡಿ ಹಚ್ಚಲು ತೆಗೆದವನು ಹಚ್ಚದೇ ಹಿಡಿದುಕೊಂಡ. ಅರಣ್ಯದ ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಫಕೀರಮ್ಮ ಮಾತ್ರ ಈ ಸಲ ‘ಎಲ್ಲಿ ನೋಯ್ತೈತಿ’ ಎಂದು ಕೇಳಲಿಲ್ಲ. ನಾನು ಕತ್ತರಿಯನ್ನು ಜೇಬಿಗೆ ಹಾಕಿಕೊಂಡೆ.

ಹಾಡು ಮುಗಿಯಿತು. ಆಗ ನಾನು ಕುಬೇರಪ್ಪನ ಕಡೆ ನೋಡಿ ಇನ್ನೊಮ್ಮೆ ಹೌಹಾರಿದೆ. ಜನ್ಮದಲ್ಲಿ ಕೂರದ ಮನುಷ್ಯ ಮಗಳ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ನಾನು ನೋಡಿದ್ದು ಕಂಡು ಗಡಬಡಿಸಿ ಎದ್ದು, ಗಂಟಲು ಸರಿಮಾಡಿಕೊಂಡು, ಮಾಜೀದನ ಕಡೆ ಬೆರಳು ತೋರಿಸಿದ.

“ಏ ತಮ್ಮಾ, ಇದನ್ನ ಮಾತ್ರ ಮೈಕಿಗೆ ತುಂಬಿಸಬ್ಯಾಡ” ಎಂದ. “ಕರಡಿ ಕುಂತು ಕೇಳತೈತಿ.”

ಆಮೇಲೆ ಕಳಕೇಶನನ್ನು ತಲೆಯಿಂದ ಕಾಲಿನವರೆಗೆ, ಕೂದಲನ್ನೂ ಸೇರಿಸಿ, ಒಮ್ಮೆ ನೋಡಿದ. ರೂಢಿಯಂತೆ ಎರಡು ಬೆರಳು ತುಟಿಗಿಟ್ಟು ಒಂದು ಸೀಟಿ ಹೊಡೆದ.

“ರೈಟ್.”